ಕೋಟು ಮತ್ತು ಮಾತು

(ನಮ್ಮ ಸಂಘದ ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ವೇದಿಕೆಯ ಮೇಲಿರುವ ಹಿರಿಯರೇ, ಸಂಘದ ಪದಾಧಿಕಾರಿಗಳೇ, ಬೆಳಿಗ್ಗೆಯಿಂದ ಕುರ್ಚಿ ಹೊತ್ತು ಸುಸ್ತಾಗಿರುವ ಸ್ವಯಂಸೇವಕ ಮಿತ್ರರೇ, ಕನ್ನಡ ಬಂಧುಗಳೇ, ಹಾಗೂ ಹಿಂದಿನ ಸಾಲಿನಲ್ಲಿ ಕೂತು ಫೋನು ನೋಡುತ್ತಿರುವ ಪುಟಾಣಿಗಳೇ,

ಬಿಸಿಬೇಳೆಭಾತಿನ ಪರಿಮಳ ಆಗಲೇ ಸಭಾಂಗಣದ ಒಳಗೆ ಬಂದಿದೆ. ಊಟಕ್ಕೂ ನಿಮಗೂ ನಡುವೆ ಈಗ ಇರುವ ಅಡ್ಡಿ ಒಂದೇ, ಅದು ನಾನು. ಆದ್ದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಹೀಗೆ ಹೇಳಿದವರೆಲ್ಲ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಹೊರಡುವ ಮುಂಚೆ ಮನೆಯಲ್ಲಿ ಒಂದು ಸಣ್ಣ ಚರ್ಚೆ ನಡೆಯಿತು. "ಏನು ಮಾತಾಡ್ತೀರಿ?" ಅಂತ ನನ್ನ ಹೆಂಡತಿ ಕೇಳಲಿಲ್ಲ. "ಏನು ಹಾಕ್ಕೋತೀರಿ?" ಅಂತ ಕೇಳಿದಳು. ಜುಬ್ಬಾ ಹಾಕಿಕೊಂಡರೆ ತೀರಾ ಕವಿಗೋಷ್ಠಿ ಥರ ಕಾಣುತ್ತದೆ, ಸೂಟು ಹಾಕಿಕೊಂಡರೆ ವಿಮೆ ಮಾರಲು ಬಂದವನ ಥರ ಕಾಣುತ್ತದೆ. ಕೊನೆಗೆ ಎರಡರ ಮಧ್ಯೆ ಒಂದು ರಾಜಿಯಾಗಿ, ಈ ವೇಷದಲ್ಲಿ ನಿಮ್ಮ ಮುಂದೆ ನಿಂತಿದ್ದೇನೆ. ಕಾರಿನಲ್ಲಿ ಬರುವಾಗ ಯೋಚಿಸಿದೆ. ಅವಳು ಕೇಳಿದ್ದು ತಪ್ಪೇನಲ್ಲ. ನೀವೆಲ್ಲ ನನ್ನ ಮೊದಲ ವಾಕ್ಯ ಕೇಳುವ ಮೊದಲೇ ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿರುತ್ತೀರಿ. ಇವತ್ತು ನಾನು ಮಾತನಾಡಬೇಕೆಂದಿರುವುದು ಅದರ ಬಗ್ಗೆಯೇ. ತೋರಿಕೆ ದೊಡ್ಡದೋ, ಆತ್ಮವಿಶ್ವಾಸ ದೊಡ್ಡದೋ? ಮತ್ತು ಈ ಪ್ರಶ್ನೆಗೂ ನಮ್ಮ ಸಂಘ ಮಾಡುವ ಕೆಲಸಕ್ಕೂ ಏನು ಸಂಬಂಧ?

ಮೊದಲು ನನ್ನದೇ ಕಥೆ. ಬೇರೆಯವರ ಕಥೆ ಹೇಳಿ ನಗಿಸುವುದಕ್ಕಿಂತ ಅದು ಕ್ಷೇಮ.

2006ನೇ ಇಸವಿ. ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮುಗಿಸಿ, ಕೆಲಸಕ್ಕೆ ಸೇರಿ ಕೆಲವೇ ತಿಂಗಳು. ನಾನು ಬರೆದ ಪ್ರೋಗ್ರಾಮಿನ ಬಗ್ಗೆ ದೊಡ್ಡ ಅಧಿಕಾರಿಗಳ ಮುಂದೆ ಮಾತನಾಡಬೇಕಾಗಿ ಬಂತು. ನಾನು ಮಾಡಿದ ತಯಾರಿ ಏನು ಗೊತ್ತೇ? ಹೊಸ ಸೂಟು ಹೊಲಿಸಿದಂತಹದ್ದನ್ನೇ ಹುಡುಕಿ ಕೊಂಡೆ. ಟೈ ಕಟ್ಟಲು ಬರುತ್ತಿರಲಿಲ್ಲ, ರೂಮ್‌ಮೇಟ್ ಹತ್ತಿರ ಮೂರು ರಾತ್ರಿ ಪಾಠ ಹೇಳಿಸಿಕೊಂಡೆ. ಪವರ್ ಪಾಯಿಂಟಿನಲ್ಲಿ ಅಕ್ಷರಗಳು ನಾಲ್ಕೂ ದಿಕ್ಕಿನಿಂದ ಹಾರಿಬಂದು ಕೂರುವ ಹಾಗೆ ಮಾಡಿದೆ. ಇಡೀ ಭಾಷಣವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಕನ್ನಡಿಯ ಮುಂದೆ ನಿಂತಾಗ ನನಗೇ ನನ್ನ ಮೇಲೆ ಗೌರವ ಬಂತು.

ಎರಡನೇ ಸ್ಲೈಡಿನಲ್ಲಿ ಒಬ್ಬರು ಕೈಯೆತ್ತಿ ಒಂದು ಸಾಮಾನ್ಯ ಪ್ರಶ್ನೆ ಕೇಳಿದರು. ಅಷ್ಟೇ. ಬಾಯಿಪಾಠದ ದಾರ ಹರಿಯಿತು. ಮೊದಲಿಂದ ಶುರು ಮಾಡದೆ ಮುಂದಿನ ಸಾಲು ನೆನಪಿಗೆ ಬರುವುದಿಲ್ಲ. ಮಗ್ಗಿ ಒಪ್ಪಿಸುವ ಹುಡುಗನಿಗೆ ಮಧ್ಯದಲ್ಲಿ "ಏಳೇಳಲಿ ಎಷ್ಟೋ?" ಅಂತ ಕೇಳಿದ ಹಾಗಾಯಿತು. ಟೈ ಕುತ್ತಿಗೆಗೆ ಬಿಗಿಯತೊಡಗಿತು. ಆ ಕೋಣೆಯ ಗಡಿಯಾರದ ಶಬ್ದ ನನಗೆ ಇವತ್ತಿಗೂ ಕೇಳಿಸುತ್ತದೆ.

ಆಗ ನಮ್ಮ ಗುಂಪಿನ ಹಿರಿಯ ಎಂಜಿನಿಯರ್ ಒಬ್ಬರು ಎದ್ದು ಬಂದರು. ಅರವತ್ತರ ಹತ್ತಿರದ ವಯಸ್ಸು, ಮೊಣಕೈ ಹತ್ತಿರ ದಾರ ಬಿಟ್ಟುಕೊಂಡ ಸ್ವೆಟರು, ಕಾಲಿಗೆ ಹಳೆಯ ಟೆನಿಸ್ ಶೂ. ಮಾರ್ಕರ್ ಹಿಡಿದು ಬೋರ್ಡಿನ ಮೇಲೆ ಮೂರು ಡಬ್ಬಿ ಬರೆದರು, ಎರಡು ಬಾಣ ಎಳೆದರು, ನನ್ನ ಪ್ರೋಗ್ರಾಮನ್ನು ನನಗೇ ಅರ್ಥವಾಗುವ ಹಾಗೆ ವಿವರಿಸಿದರು. ಎಲ್ಲರೂ ತಲೆದೂಗಿದರು. ಸಂಜೆ ನಾನು ಅವರ ಹತ್ತಿರ ಹೋಗಿ, ಇಷ್ಟು ಧೈರ್ಯ ಹೇಗೆ ಬರುತ್ತದೆ ಎಂದು ಕೇಳಿದೆ. ಅವರು ನಕ್ಕರು. ಅವರು ಹೇಳಿದ್ದರ ಸಾರ ಇಷ್ಟು: ನೀನು ನಿನ್ನ ಬಗ್ಗೆ ಯೋಚಿಸುತ್ತಿದ್ದೆ, ನಾನು ಆ ಪ್ರಶ್ನೆಯ ಬಗ್ಗೆ ಯೋಚಿಸುತ್ತಿದ್ದೆ.

ಆ ಒಂದು ಮಾತು ನನಗೆ ಎಂ.ಎಸ್. ಪದವಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಆಮೇಲೆ ಮಾತು ಕಲಿಯೋಣ ಅಂತ ಆಫೀಸಿನ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಸೇರಿದೆ. ಕ್ಯಾಲಿಫೋರ್ನಿಯಾದಲ್ಲಿ 1924ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ನಾವು ಎಷ್ಟು ಸಲ "ಆ... ಆ..." ಅಂದೆವು ಎಂದು ಎಣಿಸುವುದಕ್ಕೇ ಒಬ್ಬರು ಇರುತ್ತಾರೆ. ನನ್ನ ಮೊದಲ ಭಾಷಣದಲ್ಲಿ ಅವರಿಗೆ ಕಾಗದ ಸಾಲಲಿಲ್ಲ. ಆದರೂ ಅಲ್ಲಿ ಬಹಳ ಕಲಿತೆ.

ಇಂತಹ ತರಬೇತಿಗಳಲ್ಲಿ ನೀವೂ ಒಂದು ಲೆಕ್ಕ ಕೇಳಿರುತ್ತೀರಿ. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇಕಡಾ 7, ದನಿಯ ಪಾಲು 38, ಮುಖ ಮತ್ತು ಹಾವಭಾವದ ಪಾಲು 55. ಇದನ್ನು ಕೇಳಿದವರು, ಹಾಗಾದರೆ ಏನು ಹೇಳಿದರೂ ನಡೆಯುತ್ತದೆ, ಚೆನ್ನಾಗಿ ಕಂಡರೆ ಸಾಕು ಎಂದುಕೊಳ್ಳುತ್ತಾರೆ. ಈ ಅಂಕಿ ಬಂದದ್ದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ಅಲ್ಲಿ ಪರೀಕ್ಷಿಸಿದ್ದು ಭಾಷಣಗಳನ್ನಲ್ಲ, ಬಿಡಿ ಪದಗಳನ್ನು. ಒಬ್ಬರ ಪದ ಒಂದು ಹೇಳಿ, ದನಿ ಮತ್ತು ಮುಖ ಇನ್ನೊಂದು ಹೇಳಿದಾಗ ಅವರ ಮನಸ್ಸಿನ ಭಾವ ಏನೆಂದು ನಾವು ಯಾವುದರಿಂದ ಊಹಿಸುತ್ತೇವೆ ಎಂಬುದು ಅಲ್ಲಿನ ಪ್ರಶ್ನೆ. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಸಾಮಾನ್ಯ ಬುದ್ಧಿಯೂ ಅದನ್ನೇ ಹೇಳುತ್ತದೆ. ಪದಗಳ ಪಾಲು ಶೇಕಡಾ 7 ಮಾತ್ರವಾಗಿದ್ದರೆ ನಾವೆಲ್ಲ ಚೀನೀ ಭಾಷೆಯ ಸಿನಿಮಾವನ್ನು ಶೇಕಡಾ 93 ಅರ್ಥ ಮಾಡಿಕೊಳ್ಳಬೇಕಿತ್ತು!

ಹಾಗೆಂದು ತೋರಿಕೆಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಾವಿರುವ ಈ ಇಲಿನಾಯ್ ರಾಜ್ಯಕ್ಕೆ ಸಂಬಂಧಿಸಿದ ಮೂರು ಪ್ರಸಂಗಗಳನ್ನು ಹೇಳುತ್ತೇನೆ. ಮೂರೂ ನಿಮಗೆ ಅಲ್ಪಸ್ವಲ್ಪ ಗೊತ್ತಿರುವವೇ.

ಮೊದಲನೆಯದು ಅಬ್ರಹಾಂ ಲಿಂಕನ್. 1860ರ ಫೆಬ್ರುವರಿ 27. ಸ್ಪ್ರಿಂಗ್‌ಫೀಲ್ಡಿನ ಈ ವಕೀಲ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಭಾಷಣ ಮಾಡಬೇಕಿತ್ತು. ನಗರದ ದೊಡ್ಡ ದೊಡ್ಡ ಮಂದಿ ಬಂದಿದ್ದರು. ಆರಡಿ ನಾಲ್ಕಂಗುಲದ ಮನುಷ್ಯ. ಹೊಸ ಕಪ್ಪು ಸೂಟು ಹಾಕಿದ್ದರೂ ಅದು ಮೈಗೆ ಹೊಂದಿರಲಿಲ್ಲ, ಪ್ರಯಾಣದಲ್ಲಿ ಸುಕ್ಕುಗಟ್ಟಿತ್ತು. ದನಿಯೋ ಕೀರಲು. ನೋಡಿದವರಿಗೆ ಮೊದಲು "ಅಯ್ಯೋ ಪಾಪ" ಎನಿಸಿತಂತೆ. ಆದರೆ ಸ್ವಲ್ಪ ಹೊತ್ತಿನಲ್ಲಿ ಅವರ ಬಟ್ಟೆಯೇ ಮರೆತುಹೋಯಿತು ಎಂದು ಅಲ್ಲಿದ್ದವರೊಬ್ಬರು ನೆನಪಿಸಿಕೊಂಡಿದ್ದಾರೆ. ಯಾಕೆ? ಸಂವಿಧಾನಕ್ಕೆ ಸಹಿ ಹಾಕಿದ 39 ಮಂದಿ ಗುಲಾಮಗಿರಿಯ ಹರಡುವಿಕೆಯ ಬಗ್ಗೆ ಏನು ನಿಲುವು ತಳೆದಿದ್ದರು ಎಂಬುದನ್ನು ಲಿಂಕನ್ ತಿಂಗಳುಗಟ್ಟಲೆ ಹಳೆಯ ದಾಖಲೆಗಳಲ್ಲಿ ಹುಡುಕಿದ್ದರು. ಅವರಲ್ಲಿ 21 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು ಜನ, ಅದನ್ನು ತಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ ಎಂದು ನಡೆದುಕೊಂಡಿದ್ದರು ಎಂದು ಲೆಕ್ಕ ಕೊಟ್ಟರು. ಮೈಮೇಲಿನ ಸೂಟು ಸುಕ್ಕಾಗಿತ್ತು, ತಲೆಯೊಳಗಿನ ಲೆಕ್ಕ ಸುಕ್ಕಾಗಿರಲಿಲ್ಲ. ಆದರೆ ಇನ್ನೊಂದು ವಿಷಯವನ್ನೂ ಹೇಳಬೇಕು. ಅದೇ ದಿನ ಮ್ಯಾಥ್ಯೂ ಬ್ರೇಡಿ ಎಂಬ ಛಾಯಾಗ್ರಾಹಕರು ಲಿಂಕನ್ನರ ಫೋಟೋ ತೆಗೆದರು. ಉದ್ದ ಕುತ್ತಿಗೆ ಕಾಣದಿರಲಿ ಎಂದು ಕಾಲರನ್ನು ಮೇಲೆಳೆದು ತೆಗೆದರಂತೆ. ಆ ಚಿತ್ರ ಚುನಾವಣೆಯಲ್ಲಿ ದೇಶವೆಲ್ಲ ಓಡಾಡಿತು. ಅಂದರೆ ತೋರಿಕೆಯೂ ತನ್ನ ಕೆಲಸ ಮಾಡಿತು.

ಎರಡನೆಯದು ನಮ್ಮ ಶಿಕಾಗೋದಲ್ಲೇ ನಡೆದದ್ದು. 1960ರ ಸೆಪ್ಟೆಂಬರ್ 26. ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳು ಟಿ.ವಿ.ಯಲ್ಲಿ ಮುಖಾಮುಖಿ ವಾದಿಸಿದ್ದು ಅದೇ ಮೊದಲು. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಬಂದಿದ್ದರು, ತೂಕ ಇಳಿದು ಅಂಗಿ ಸಡಿಲವಾಗಿತ್ತು, ಬೂದು ಸೂಟು ಹಿಂದಿನ ಪರದೆಯಲ್ಲಿ ಕರಗಿಹೋಯಿತು, ಮುಖದಲ್ಲಿ ಬೆವರು. ಕೆನಡಿ ಕಪ್ಪಗಿನ ಸೂಟಿನಲ್ಲಿ ಮದುವಣಿಗನ ಹಾಗೆ ಕಂಡರು. ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದೂ, ಟಿ.ವಿ.ಯಲ್ಲಿ ನೋಡಿದವರು ಕೆನಡಿ ಗೆದ್ದರೆಂದೂ ತಿಳಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಥೆಗಿರುವ ಆಧಾರ ಬಹಳ ತೆಳು. ಮುಖ್ಯವಾಗಿ ಒಂದು ಸಣ್ಣ ಸಮೀಕ್ಷೆಯ ಮೇಲೆ ಅದು ನಿಂತಿದೆ, ಅದನ್ನು ಒಪ್ಪದ ವಿದ್ವಾಂಸರೇ ಅನೇಕರು. ಕಥೆಯಲ್ಲಿ ಬಿಟ್ಟುಹೋಗುವ ಇನ್ನೊಂದು ಸಂಗತಿ ಇದೆ. ಆ ದಿನ ಕೆನಡಿ ಹೋಟೆಲಿನಲ್ಲಿ ತಮ್ಮ ಸಹಾಯಕರನ್ನು ಕೂರಿಸಿಕೊಂಡು, ಬರಬಹುದಾದ ಪ್ರಶ್ನೆಗಳನ್ನು ಕಾರ್ಡುಗಳಲ್ಲಿ ಬರೆಸಿ, ಒಂದೊಂದಕ್ಕೂ ಉತ್ತರ ಅಭ್ಯಾಸ ಮಾಡಿದ್ದರು. ನಾವು ಸೂಟಿನ ಬಣ್ಣ ನೆನಪಿಟ್ಟುಕೊಂಡೆವು, ಕಾರ್ಡುಗಳನ್ನು ಮರೆತೆವು.

ಮೂರನೆಯದೂ ಶಿಕಾಗೋದ್ದೇ, ನಮಗೆಲ್ಲ ತೀರಾ ಹತ್ತಿರದ್ದು. ಮಿಷಿಗನ್ ಅವೆನ್ಯೂನಲ್ಲಿರುವ ಆರ್ಟ್ ಇನ್‌ಸ್ಟಿಟ್ಯೂಟಿಗೆ ಊರಿಂದ ಬಂದ ಅಪ್ಪ ಅಮ್ಮಂದಿರನ್ನು ನಾವೆಲ್ಲ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ್ದೇವೆ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತನಾಡಿದ್ದು ಅಲ್ಲಿ. ಹಿಂದಿನ ವರ್ಷವಷ್ಟೇ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದವರು ಅವರು. ಆದರೆ ಆ ಭಾಷಣಕ್ಕೆ ಒಂದೆರಡು ದಿನ ಮುಂಚೆ ಇದೇ ಊರಿನಲ್ಲಿ ಏನಾಯಿತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರ ಜೀವನಚರಿತ್ರೆಗಳು ಹೇಳುವಂತೆ, ಹೋಗಬೇಕಾದ ವಿಳಾಸ ಕಳೆದುಕೊಂಡ ಸ್ವಾಮೀಜಿ ರೈಲು ನಿಲ್ದಾಣದ ಗೂಡ್ಸ್ ಯಾರ್ಡಿನಲ್ಲಿ ಒಂದು ಖಾಲಿ ಡಬ್ಬಿಯಲ್ಲಿ ರಾತ್ರಿ ಕಳೆದರು. ಬೆಳಿಗ್ಗೆ ಶ್ರೀಮಂತರ ಬೀದಿಯಲ್ಲಿ ಮನೆ ಮನೆಯ ಬಾಗಿಲು ತಟ್ಟಿದರು. ಮಾಸಿದ ಬಟ್ಟೆ, ಕ್ಷೌರವಿಲ್ಲದ ಮುಖ, ಬೇರೆ ಬಣ್ಣದ ಚರ್ಮ. ಬಾಗಿಲುಗಳು ಮುಖದ ಮೇಲೇ ಮುಚ್ಚಿದವು. ಸುಸ್ತಾಗಿ ರಸ್ತೆ ಬದಿಯಲ್ಲಿ ಕೂತಾಗ ಎದುರು ಮನೆಯಿಂದ ಶ್ರೀಮತಿ ಹೇಲ್ ಎಂಬಾಕೆ ಹೊರಗೆ ಬಂದು, ಸರ್ವಧರ್ಮ ಸಮ್ಮೇಳನಕ್ಕೆ ಬಂದವರೇ ಎಂದು ವಿಚಾರಿಸಿ, ಒಳಗೆ ಕರೆದು ಊಟ ಕೊಟ್ಟರು.

ಆ ವೇದಿಕೆಯ ಮೇಲೆ ಅವರು ಎದೆಗುಂದದೆ ನಿಂತಿದ್ದರು ಎಂದುಕೊಂಡಿದ್ದೀರಾ? ಇಲ್ಲ. ಎದೆ ಡವಗುಟ್ಟುತ್ತಿತ್ತು, ನಾಲಿಗೆ ಒಣಗಿತ್ತು, ಉಳಿದವರೆಲ್ಲ ಭಾಷಣ ಬರೆದು ತಂದಿದ್ದರೆ ತಮ್ಮ ಬಳಿ ಏನೂ ಇರಲಿಲ್ಲ ಎಂದು ಅವರೇ ಅಳಸಿಂಗ ಪೆರುಮಾಳರಿಗೆ ಕಾಗದ ಬರೆದರು. ಈ ಅಳಸಿಂಗರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಸ್ವಾಮೀಜಿಯನ್ನು ಅಮೆರಿಕಕ್ಕೆ ಕಳಿಸಲು ಮದ್ರಾಸಿನಲ್ಲಿ ಮನೆ ಮನೆ ತಿರುಗಿ ಚಂದಾ ಎತ್ತಿದವರು. ನಮ್ಮ ಸಂಘದಲ್ಲಿ ಲಕೋಟೆ ಹಿಡಿದು ಓಡಾಡುವವರೆಲ್ಲ ಅವರ ವಂಶಸ್ಥರು ಎಂದು ಹೆಮ್ಮೆ ಪಡಬಹುದು! ಬೆಳಿಗ್ಗೆಯಿಂದ ಸರದಿ ಮುಂದಕ್ಕೆ ಹಾಕುತ್ತಾ ಹೋದ ಸ್ವಾಮೀಜಿ ಮಧ್ಯಾಹ್ನ ಎದ್ದು ನಿಂತು, ಅಷ್ಟೂ ಅಪರಿಚಿತರನ್ನು ಒಡಹುಟ್ಟಿದವರೆಂದು ಕರೆದರು. ಆಮೇಲಿನದು ಚರಿತ್ರೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಧೈರ್ಯವೆಂದರೆ ನಾಲಿಗೆ ಒಣಗದಿರುವುದಲ್ಲ. ನಾಲಿಗೆ ಒಣಗಿದ್ದರೂ ಏಳುವುದು. ಅಂದು ಭಾಷಣ ಬರೆದುಕೊಂಡು ಬಂದಿರಲಿಲ್ಲ, ನಿಜ. ಆದರೆ ವರ್ಷಗಟ್ಟಲೆಯ ಓದು, ಸಾಧನೆ, ಕಾಲ್ನಡಿಗೆಯಲ್ಲಿ ಕಂಡ ಇಡೀ ದೇಶ ಬೆನ್ನಿಗಿತ್ತು. ಎರಡು, ಬಾಗಿಲು ಮುಚ್ಚಿದ ಮನೆಗಳಲ್ಲಿದ್ದವರು ಕೆಟ್ಟವರಾಗಿರಲಿಕ್ಕಿಲ್ಲ. ಅವರು ನೋಡಿದರು, ತೀರ್ಮಾನ ಮಾಡಿದರು, ಬಾಗಿಲು ಹಾಕಿದರು. ಅಷ್ಟೇ. ಆ ಮನೆಗಳವರ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ. ವಿಚಾರಿಸಿದ ಶ್ರೀಮತಿ ಹೇಲ್ ಹೆಸರು ಗೊತ್ತು.

ಇಲ್ಲಿಯವರೆಗೆ ನಾನು ಮಾತನಾಡುವವರ ಬಗ್ಗೆ ಹೇಳಿದೆ. ಆದರೆ ಮೊದಲ ನೋಟದಲ್ಲಿ ಇಬ್ಬರಿರುತ್ತಾರೆ. ಒಬ್ಬರು ಕಾಣುವವರು, ಇನ್ನೊಬ್ಬರು ನೋಡುವವರು. ನಾವೆಲ್ಲ ಕಾಣುವವರಿಗೆ ತರಬೇತಿ ಕೊಡುತ್ತೇವೆ. ನೋಡುವವರಿಗೆ ಯಾರೂ ಕೊಡುವುದಿಲ್ಲ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲಿಸ್ ಮತ್ತು ಅಲೆಕ್ಸಾಂಡರ್ ತೊದೊರೊವ್ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಪರಿಚಿತರ ಮುಖದ ಚಿತ್ರವನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿ, ಇವರು ನಂಬಿಕೆಗೆ ಅರ್ಹರೇ, ಸಮರ್ಥರೇ ಎಂದು ಕೇಳಿದರು. ಜನ ಅಷ್ಟರಲ್ಲೇ ತೀರ್ಪು ಕೊಟ್ಟರು. ಹೆಚ್ಚು ಸಮಯ ಕೊಟ್ಟಾಗ ತೀರ್ಪು ಹೆಚ್ಚೇನೂ ಬದಲಾಗಲಿಲ್ಲ, ತಮ್ಮ ತೀರ್ಪಿನ ಮೇಲೆ ಅವರಿಗಿದ್ದ ವಿಶ್ವಾಸ ಮಾತ್ರ ಹೆಚ್ಚಾಯಿತು. ನಾವು ಭಾಷಣಕಾರನಲ್ಲಿ ಆತ್ಮವಿಶ್ವಾಸ ಹುಡುಕುತ್ತೇವೆ. ನಿಜವಾಗಿ ಅತಿಯಾದ ಆತ್ಮವಿಶ್ವಾಸ ಇರುವುದು ಕುರ್ಚಿಯಲ್ಲಿ ಕೂತ ನಮಗೆ.

ಇದನ್ನು ನಾನು ಅಧ್ಯಯನ ಓದಿ ಕಲಿತದ್ದಲ್ಲ. ಒಂದು ತಪ್ಪು ಮಾಡಿ ಕಲಿತೆ. ಅದನ್ನು ನಿಮ್ಮ ಮುಂದೆ ಹೇಳಲು ನನಗೆ ಹನ್ನೆರಡು ನಿಮಿಷದ ಪೀಠಿಕೆ ಬೇಕಾಯಿತು.

2014ರಲ್ಲಿ ನಾನು ನಮ್ಮ ಸಂಘದ ಯೋಜನಾ ಆಯ್ಕೆ ಸಮಿತಿಯಲ್ಲಿದ್ದೆ. ಊರಿನಿಂದ ಬರುವ ಅರ್ಜಿಗಳಲ್ಲಿ ಆ ವರ್ಷದ ದೊಡ್ಡ ಯೋಜನೆಗೆ ಒಂದನ್ನು ಆರಿಸಬೇಕು. ಕೊನೆಗೆ ಎರಡು ಉಳಿದವು. ಇಬ್ಬರನ್ನೂ ವಿಡಿಯೋ ಕರೆಯಲ್ಲಿ ಮಾತನಾಡಿಸಿದೆವು. ಇಲ್ಲಿ ಶನಿವಾರ ರಾತ್ರಿ, ಅಲ್ಲಿ ಭಾನುವಾರ ಬೆಳಿಗ್ಗೆ.

ಮೊದಲನೆಯವರು ಬೆಂಗಳೂರಿನ ಒಂದು ಸಂಸ್ಥೆಯ ಯುವಕ. ಇಸ್ತ್ರಿ ಮಾಡಿದ ಅಂಗಿ, ಸ್ವಚ್ಛ ಇಂಗ್ಲಿಷು, ಬಣ್ಣದ ಸ್ಲೈಡುಗಳು. ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಯೋಜನೆ. ನಮ್ಮ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧ.

ಎರಡನೆಯವರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಮುಖ್ಯೋಪಾಧ್ಯಾಯರು. ಶಾಲೆಗೂ ಪಕ್ಕದ ಅಂಗನವಾಡಿಗೂ ಕುಡಿಯುವ ನೀರು ಶುದ್ಧೀಕರಿಸುವ ಘಟಕ ಕೇಳಿದ್ದರು. ಯಾವುದೋ ಸೈಬರ್ ಸೆಂಟರಿನಲ್ಲಿ ಕೂತಿದ್ದರು, ಹಿಂದೆ ಗಲಾಟೆ, ಎರಡು ಸಲ ಕರೆ ಕಡಿಯಿತು. ಅಂಗಿಯ ಕಾಲರು ಸವೆದಿತ್ತು. ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಮಾತನಾಡುವಾಗಲೆಲ್ಲ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು, ಹಾಗಾಗಿ ಮಾತು ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ನನ್ನ ಅಂಕಪಟ್ಟಿಯಲ್ಲಿ ನಾನು ಬರೆದ ಸಾಲು ನನಗೆ ಇವತ್ತಿಗೂ ನೆನಪಿದೆ: "ಆತ್ಮವಿಶ್ವಾಸವಿಲ್ಲ. ಏನನ್ನೋ ಮುಚ್ಚಿಡುತ್ತಿದ್ದಾರೆ."

ಸಮಿತಿಯಲ್ಲಿ ಏಳು ಜನ. ಮೂರು-ಮೂರು ಆಯಿತು. ಏಳನೆಯ ಮತ ನನ್ನದು. ಹಣ ಬೆಂಗಳೂರಿಗೆ ಹೋಯಿತು.

ಆ ಯುವಕರು ಮೋಸಗಾರರಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹೇಳಿದ ಕೆಲಸ ಮಾಡಿದರು, ಲೆಕ್ಕ ಕಳಿಸಿದರು. ಅಷ್ಟು ಚೆನ್ನಾಗಿ ಮಾತನಾಡಬಲ್ಲವರಿಗೆ ನಾವಲ್ಲದಿದ್ದರೆ ಇನ್ನೊಬ್ಬರು ಕೊಡುತ್ತಿದ್ದರು, ಅಷ್ಟೇ.

2016ರ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ, ಬೇರೆ ಕೆಲಸದ ಮೇಲೆ ಪಾವಗಡದ ಕಡೆ ಹೋಗಬೇಕಾಯಿತು. ಹಳೆಯ ಅರ್ಜಿ ನೆನಪಾಗಿ ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಏಳನೇ ತರಗತಿಗೆ ಪಾಠ ಮಾಡುತ್ತಿದ್ದರು. ಬಾಗಿಲಲ್ಲೇ ನಿಂತು ಕೇಳಿದೆ. ಬಂಧುಗಳೇ, ನಾನು ಅದೇ ಮನುಷ್ಯನನ್ನು ನೋಡುತ್ತಿದ್ದೇನೆ ಎಂದು ನಂಬಲಾಗಲಿಲ್ಲ. ಗಟ್ಟಿ ದನಿ. ಬಾಯಿಗೆ ಕೈಯಿಲ್ಲ. ಪಾಠ ನೀರಿನದ್ದೇ. ಮಳೆ ಕಡಿಮೆಯಾಗಿ ಕೊಳವೆಬಾವಿ ಆಳಕ್ಕೆ ಹೋದ ಹಾಗೆ, ಬಂಡೆಯೊಳಗಿನ ಖನಿಜಗಳಿಂದ ಫ್ಲೋರೈಡ್ ಹೇಗೆ ನೀರಿಗೆ ಸೇರುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದರು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು, ನಮ್ಮ ಬಾವಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚಿದೆ ಎಂದರು. ಆ ಟೆನಿಸ್ ಶೂ ಎಂಜಿನಿಯರ್ ನೆನಪಾದರು. ಅದೇ ಮೂರು ಡಬ್ಬಿ, ಎರಡು ಬಾಣ.

ನನ್ನನ್ನು ನೋಡಿದೊಡನೆ ಅವರ ಕೈ ಬಾಯಿಗೆ ಹೋಯಿತು. ಹೋಗುವ ಮುಂಚೆ ನನಗೆ ಕಂಡಿತು. ಹಲ್ಲುಗಳ ತುಂಬ ಕಂದು ಕಲೆ. ಅದೇ ತಾಲ್ಲೂಕಿನಲ್ಲಿ ಹುಟ್ಟಿ, ಅದೇ ನೀರು ಕುಡಿದು ಬೆಳೆದವರು ಅವರು.

ಅವರು ಮುಚ್ಚಿಡುತ್ತಿದ್ದಾರೆ ಎಂದು ನಾನು ಬರೆದದ್ದು ಸರಿಯಾಗಿಯೇ ಇತ್ತು. ಮುಚ್ಚಿಡುತ್ತಿದ್ದದ್ದು ಹಲ್ಲನ್ನು. ಅವರ ಅರ್ಜಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆ ಸಾಕ್ಷಿ ನನ್ನ ಕಣ್ಣ ಮುಂದೆಯೇ ಇತ್ತು, ನಾನು ಅದಕ್ಕೆ ಅಂಕ ಕಳೆದೆ. ನೀರಿನ ಪರೀಕ್ಷೆಯ ವರದಿಯೂ ಅರ್ಜಿಯ ಜೊತೆಯಲ್ಲೇ ಇತ್ತು, ಮೂರನೇ ಪುಟದಲ್ಲಿ. ಕೈಬರಹದ ಅರ್ಜಿ ಅಂತ ನಾನು ಅಲ್ಲಿಯವರೆಗೆ ತಿರುಗಿಸಿರಲಿಲ್ಲ.

ಮಕ್ಕಳ ಜೊತೆ ಫೋಟೋ ತೆಗೆಯಲು ಹೋದೆ. "ನಗ್ರಪ್ಪಾ" ಅಂದೆ. ನಕ್ಕರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ಕೈ ಬಾಯಿಯ ಮೇಲಿತ್ತು.

ವೈದ್ಯರು ಇಲ್ಲಿ ಅನೇಕರಿದ್ದೀರಿ, ನಿಮಗೆ ಗೊತ್ತು. ಈ ಕಲೆ ಬೀಳುವುದು ಚಿಕ್ಕ ವಯಸ್ಸಿನಲ್ಲಿ, ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ. ಆಮೇಲೆ ಉಜ್ಜಿದರೆ ಹೋಗುವುದಿಲ್ಲ. ಇನ್ನೂ ಹೆಚ್ಚು ವರ್ಷ ಕುಡಿದರೆ ಮೂಳೆಗೂ ಇಳಿಯುತ್ತದೆ. 2014ರಿಂದ 2016ರವರೆಗೆ ಆ ಅಂಗನವಾಡಿಯ ಮಕ್ಕಳು ಕುಡಿದದ್ದು ಅದೇ ನೀರು. ಆ ಎರಡು ವರ್ಷವನ್ನು ಅವರಿಗೆ ಯಾವ ದೇಣಿಗೆಯಿಂದಲೂ ವಾಪಸ್ಸು ಕೊಡಲಾಗುವುದಿಲ್ಲ. ನಮ್ಮ ಕೆಲಸದಲ್ಲಿ ಪ್ರೋಗ್ರಾಮಿನಲ್ಲಿ ತಪ್ಪಾದರೆ ರಾತ್ರಿ ಕೂತು ತಿದ್ದಿ ಬೆಳಿಗ್ಗೆ ಹೊಸದು ಕಳಿಸುತ್ತೇವೆ. ಇದಕ್ಕೆ ಆ ಸೌಲಭ್ಯವಿಲ್ಲ.

ಬಂದ ತಕ್ಷಣ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದೆ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. 2017ರಲ್ಲಿ ನಿಮ್ಮೆಲ್ಲರ ಹಣದಿಂದ ಆ ಘಟಕ ಬಂತು. ಜೊತೆಗೆ ನಾವು ನಮ್ಮ ಪದ್ಧತಿಯನ್ನೂ ಬದಲಾಯಿಸಿದೆವು.

ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳು 1970-80ರ ದಶಕಗಳಲ್ಲಿ ವಾದಕರನ್ನು ಆರಿಸುವಾಗ ನಡುವೆ ಪರದೆ ಕಟ್ಟುವ ಕ್ರಮವನ್ನು ಹೆಚ್ಚು ಹೆಚ್ಚಾಗಿ ತಂದವು. ನುಡಿಸುವವರು ಗಂಡೋ ಹೆಣ್ಣೋ, ಕರಿಯರೋ ಬಿಳಿಯರೋ ಕಾಣುವುದಿಲ್ಲ, ಪಿಟೀಲು ಮಾತ್ರ ಕೇಳಿಸುತ್ತದೆ. ನಾವೂ ಒಂದು ಸಣ್ಣ ಪರದೆ ಕಟ್ಟಿಕೊಂಡೆವು. ಈಗ ಒಬ್ಬ ಸ್ವಯಂಸೇವಕರು ಎಲ್ಲ ಅರ್ಜಿಗಳನ್ನೂ ಒಂದೇ ನಮೂನೆಯಲ್ಲಿ ಟೈಪು ಮಾಡುತ್ತಾರೆ, ಕೈಬರಹವೋ ಬಣ್ಣದ ಪುಸ್ತಕವೋ ತಿಳಿಯುವುದಿಲ್ಲ. ಮುಖ ನೋಡುವ ಮೊದಲೇ ನಾವು ಓದಿ ಅಂಕ ಬರೆದಿಡುತ್ತೇವೆ. ಎಲ್ಲರಿಗೂ ಒಂದೇ ಐದು ಪ್ರಶ್ನೆ. ಮಾತುಕತೆ ಅವರಿಗೆ ಸಲೀಸಾದ ಭಾಷೆಯಲ್ಲಿ, ಅಂದರೆ ಹೆಚ್ಚಾಗಿ ನಮ್ಮ ಕನ್ನಡದಲ್ಲೇ. ಮುಖ ನೋಡಿದ ಮೇಲೆ ಅಂಕ ಬದಲಾದರೆ ಯಾಕೆ ಎಂದು ಬರೆದು ಕೊಡಬೇಕು. ಆ ಕೊನೆಯ ನಿಯಮ ಬಹಳ ಒಳ್ಳೆಯದು. ಕಾರಣ ಬರೆಯಲು ಹೋದಾಗ, "ಕಾಲರ್ ಸವೆದಿತ್ತು" ಎಂದು ಬರೆಯಲು ಕೈ ಬರುವುದಿಲ್ಲ.

ಈಗ ಇಲ್ಲಿರುವ ಮಕ್ಕಳಿಗೆ ಒಂದೆರಡು ಮಾತು. ಶಾಲೆಯಲ್ಲಿ, ಕಾಲೇಜಿನಲ್ಲಿ, ಸಂದರ್ಶನದಲ್ಲಿ ನೀವು ಎದ್ದು ಮಾತನಾಡಬೇಕಾಗುತ್ತದೆ. ಸ್ನಾನ ಮಾಡಿ, ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ. ಅದು ಎದುರಿಗಿರುವವರಿಗೆ ಕೊಡುವ ಮರ್ಯಾದೆ. ಆದರೆ ಕನ್ನಡಿಯ ಮುಂದೆ ಕಳೆದ ಸಮಯದ ಹತ್ತರಷ್ಟನ್ನು ವಿಷಯದ ಮುಂದೆ ಕಳೆಯಿರಿ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಇರಲಿ, ಉಳಿದದ್ದು ಅರ್ಥವಾಗಿರಲಿ. ಬರಬಹುದಾದ ಪ್ರಶ್ನೆಗಳನ್ನು ಕೆನಡಿಯ ಹಾಗೆ ಕಾರ್ಡಿನಲ್ಲಿ ಬರೆದುಕೊಳ್ಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಅದಕ್ಕೆ ಬಹಳ ಧೈರ್ಯ ಬೇಕು. ನಾಲಿಗೆ ಒಣಗಿದರೆ ಹೆದರಬೇಡಿ. ಯಾರ ಯಾರ ನಾಲಿಗೆಯೋ ಒಣಗಿದೆ.

ದೊಡ್ಡವರಿಗೆ ಹೇಳುವುದು ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಲೆಯಾದದ್ದೆಲ್ಲ ಕೊಳೆಯಲ್ಲ ಎಂಬುದನ್ನೂ ನಾವು ಸೇರಿಸಿಕೊಳ್ಳಬೇಕು. ಇಪ್ಪತ್ತು ವರ್ಷದ ಹಿಂದೆ ನಾವು ಎರಡು ಸೂಟ್‌ಕೇಸು ಹಿಡಿದು ಈ ದೇಶಕ್ಕೆ ಬಂದಾಗ, ನಮ್ಮ ಇಂಗ್ಲಿಷು ಕೇಳಿ ನಗದೆ, ನಮ್ಮ ಜಾಕೆಟ್ಟಿನ ಅಳತೆ ನೋಡದೆ, ಯಾರೋ ಒಬ್ಬರು ನಮ್ಮ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡಿದ್ದಾರೆ. ಅದಕ್ಕೇ ನಾವು ಇಲ್ಲಿ ಕೂತಿದ್ದೇವೆ. ಆ ಸಾಲ ತೀರಿಸುವ ದಾರಿ ಎಂದರೆ ಇನ್ನೊಬ್ಬರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದು.

ನಿಮ್ಮ ಮೇಜಿನ ಮೇಲೆ ಲಕೋಟೆಗಳಿವೆ. ಈ ವರ್ಷದ ನಿಧಿಯ ಒಂದು ಭಾಗ ಆ ನೀರಿನ ಘಟಕದ ನಿರ್ವಹಣೆಗೆ ಹೋಗುತ್ತದೆ. ಅದರ ಪೊರೆಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಇಲ್ಲದಿದ್ದರೆ ಘಟಕ ಹೊರಗಿನಿಂದ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಮಾತ್ರ ಹಳೆಯ ನೀರೇ ಬರುತ್ತದೆ. ತೋರಿಕೆ ಮತ್ತು ಸತ್ವದ ಬಗ್ಗೆ ಇಷ್ಟು ಹೊತ್ತು ನಾನು ಹೇಳಿದ್ದನ್ನು ಆ ಯಂತ್ರ ಒಂದೇ ಲೋಟದಲ್ಲಿ ಹೇಳುತ್ತದೆ.

ಮುಖ್ಯೋಪಾಧ್ಯಾಯರು ಈಗ ನಿವೃತ್ತರು. ಕಳೆದ ಯುಗಾದಿಗೆ ಫೋನ್ ಮಾಡಿದ್ದರು. ಅಂಗನವಾಡಿಯ ಮಕ್ಕಳ ಫೋಟೋ ಒಂದು ಕಳಿಸಿದ್ದರು. ಘಟಕ ಬಂದ ಮೇಲೆ ಹುಟ್ಟಿದ ಮಕ್ಕಳು. ಎಲ್ಲರೂ ನಗುತ್ತಿದ್ದಾರೆ. ಕೈಗಳೆಲ್ಲ ಕೆಳಗಿವೆ.

 ಇನ್ನು ಬಿಸಿಬೇಳೆಭಾತಿಗೆ ಅಡ್ಡಿಯಿಲ್ಲ.

ಸಿರಿಗನ್ನಡಂ ಗೆಲ್ಗೆ. ಜೈ ಕರ್ನಾಟಕ.